ಕಛೇರಿಯ ಮನೋಧರ್ಮ: ಒಂದು ಜಾನಪದೀಯ ನೋಟ

ಮೌಖಿಕ ಕಾವ್ಯದಲ್ಲಿ ರಚನೆಯೂ ಪ್ರದರ್ಶನವೂ ಏಕಕಾಲಿಕವೆಂದು ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರತಿಪಾದಿಸಿದರು. ಮಲೆಮಾದೇಶ್ವರ ಕಾವ್ಯವನ್ನು ಹಾಡುವ ಕಂಸಾಳೆ ಗಾಯಕರಿಗೆ ಹೊಂದುವ ಈ ವಿಚಾರವು ಕರ್ನಾಟಕ ಸಂಗೀತದ ಕಛೇರಿಗೂ ಅನ್ವಯಿಸುವುದೇ ಎಂಬುದು ಇಲ್ಲಿನ ಜಿಜ್ಞಾಸೆ.

ಅನ್ವಯಿಸುತ್ತದೆ, ಆದರೆ ಒಂದು ಭೇದದೊಡನೆ. ಕಂಸಾಳೆಯವರಲ್ಲಿ ಕಥೆಯ ಹಂದರ ನಿಂತು ನುಡಿ ಬದಲಾಗುತ್ತದೆ. ನೆರವಲಿನಲ್ಲಿ ಸಾಹಿತ್ಯದ ಸಾಲೂ ತಾಳದಲ್ಲಿ ಅದರ ಎಡುಪೂ ನಿಂತು, ಸ್ವರಸಂಚಾರ ಆವರ್ತದಿಂದ ಆವರ್ತಕ್ಕೆ ಹೊಸದಾಗುತ್ತದೆ. ಕಲ್ಪನಾಸ್ವರದಲ್ಲಿಯೂ ಗಾಯಕರು ಪ್ರತಿಬಾರಿ ಆ ಎಡುಪಿಗೇ ಮರಳಬೇಕು.

ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ (1920–2014) ಪಾಠಾಂತರ ಶುದ್ಧಿಗೆ ಹೆಸರಾದವರು. ಇಂತಹ ನಿಷ್ಠೆಯು ಮನೋಧರ್ಮವನ್ನು ಕಟ್ಟಿಹಾಕುವುದೆಂಬ ಅಭಿಪ್ರಾಯ ಸಾಧುವಲ್ಲ. ಕೃತಿಯ ಸ್ಥಿರಪಾಠವನ್ನು ಬಲ್ಲ ಶ್ರೋತೃವಿಗೇ ಕಲಿತದ್ದಾವುದು, ಆಗ ಹುಟ್ಟಿದ್ದಾವುದು ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳಂತಹ ಸಭೆಗಳು ಈ ಶ್ರೋತೃವರ್ಗವನ್ನು ಬೆಳೆಸಿವೆ. ತೊಡೆಯ ಮೇಲೆ ತಾಳ ಹಾಕುತ್ತ ಎಡುಪಿಗಾಗಿ ಕಾಯುವ, 'ಭಲೇ' ಎನ್ನುವ ಶ್ರೋತೃವಿನ ಪಾತ್ರವು ಜನಪದ ಗಾಯನದ ಹಿಮ್ಮೇಳಕ್ಕೆ ಸಮೀಪವಾದುದು. ಧ್ವನಿಮುದ್ರಿಕೆಯನ್ನಷ್ಟೇ ಆಧರಿಸುವ ವಿಮರ್ಶೆಯು ಈ ಪಾಲುದಾರನನ್ನು ಕೈಬಿಡುತ್ತದೆ. ಪ್ರದರ್ಶನಕಾಲದ ರಚನೆಯನ್ನು ಜಾನಪದಕ್ಕೂ ಸ್ಥಿರಪಾಠವನ್ನು ಶಿಷ್ಟಕ್ಕೂ ಹಂಚಿಕೊಡುವ ರೂಢಿಯ ವಿಂಗಡಣೆಯನ್ನು ಸಂಶೋಧಕರು ಮರುಪರಿಶೀಲಿಸಬೇಕಾಗಿದೆ.