ಬದಲಿ ಪೆಟ್ಟಿಗೆಯ ಭರವಸೆ

ವಿಮಾನದ ಉಪಕರಣಗಳ ಬಗ್ಗೆ ಒಂದು ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದನ್ನು ಪ್ರಶ್ನಿಸುವವರೇ ಕಡಿಮೆ. ಈಗಿನ ವಿಮಾನದಲ್ಲಿ ಏನಾದರೂ ಕೆಟ್ಟರೆ ಆ ಪೆಟ್ಟಿಗೆಯನ್ನು ಎಳೆದು ತೆಗೆದು, ಸ್ಟೋರಿನಿಂದ ತಂದ ಇನ್ನೊಂದನ್ನು ಅಲ್ಲಿಗೆ ತಳ್ಳಿ, ಒಂದು ಟೆಸ್ಟ್ ಓಡಿಸಿದರೆ ಕೆಲಸ ಮುಗಿಯಿತು ಎನ್ನುವುದು ಆ ಅಭಿಪ್ರಾಯ. ಅದರ ಬಾಲಕ್ಕೆ ಎರಡು ತೀರ್ಮಾನಗಳು ಅಂಟಿಕೊಂಡಿವೆ. ಮೆಕ್ಯಾನಿಕ್‌ಗೆ ಮೊದಲಿನಷ್ಟು ತಿಳಿವಳಿಕೆ ಬೇಕಿಲ್ಲ ಎಂಬುದು ಒಂದು. ದುಡ್ಡಿರುವ ಸಂಸ್ಥೆ ಸಾಕಷ್ಟು ಬಿಡಿ ಪೆಟ್ಟಿಗೆಗಳನ್ನು ಕೊಂಡಿಟ್ಟುಕೊಂಡರೆ ಯಾರ ಹಂಗೂ ಇರುವುದಿಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು ಎನ್ನುವುದು ನನ್ನ ವಾದ. ಆ ವಾದವನ್ನು ಒರೆಗೆ ಹಚ್ಚಲು ಕತಾರ್‌ಗಿಂತ ಒಳ್ಳೆಯ ಜಾಗ ಸಿಗದು. ಹಣವಿಲ್ಲ ಎಂಬ ಕಾರಣ ಅಲ್ಲಿಗೆ ಅನ್ವಯಿಸುವುದಿಲ್ಲ. ಹೊಸ ವಿಮಾನ ಯಾವುದೇ ಬರಲಿ, ಮೊದಲ ಸಾಲಿನಲ್ಲಿ ನಿಂತು ಕೊಳ್ಳುವ ದೇಶ ಅದು.

ಈ ಪದ್ಧತಿಯ ಗುಣವನ್ನು ಮೊದಲು ಹೇಳಿಬಿಡಬೇಕು. ಅಮೆರಿಕದ ವಿಮಾನ ಸಂಸ್ಥೆಗಳು 1929ರಲ್ಲಿ ಸೇರಿ ಕಟ್ಟಿದ ಏರಿಂಕ್ ಎಂಬ ಕಂಪನಿ ಮುಂದಿನ ದಶಕಗಳಲ್ಲಿ ಉಪಕರಣ ಪೆಟ್ಟಿಗೆಯ ಅಗಲ, ಎತ್ತರ, ಹಿಂಬದಿಯ ಕನೆಕ್ಟರಿನ ಜಾಗ, ಯಾವ ಪಿನ್ನಿನಲ್ಲಿ ಯಾವ ಸಿಗ್ನಲ್ ಎಂಬುದನ್ನೆಲ್ಲ ನಿಗದಿಪಡಿಸಿತು. ರೇಡಿಯೊ ಮಾಡಿದವರು ಯಾರೇ ಆಗಲಿ, ಅದು ಅದೇ ಚೌಕಟ್ಟಿನಲ್ಲಿ ಕೂತು ಅದೇ ತಂತಿಗಳ ಮೇಲೆ ಕೆಲಸ ಮಾಡಬೇಕು ಎಂದು ವಿಮಾನ ಸಂಸ್ಥೆಗಳು ಹಟ ಹಿಡಿದಿದ್ದವು. ಕೊಳ್ಳುವವರು ಮಾರುವವರ ಮೇಲೆ ಹೇರಿದ ಷರತ್ತು ಅದು. ಒಬ್ಬನ ಪೆಟ್ಟಿಗೆ ಸರಿಯಿಲ್ಲದಿದ್ದರೆ ಇನ್ನೊಬ್ಬನದನ್ನು ತಂದು ಹಾಕುವ ಸ್ವಾತಂತ್ರ್ಯ ಅದರಿಂದ ದಕ್ಕಿತು. ಲೈನಿನಲ್ಲಿ, ಅಂದರೆ ವಿಮಾನ ನಿಂತ ಜಾಗದಲ್ಲೇ ಬದಲಿಸಬಹುದಾದ ಇಂಥ ಪೆಟ್ಟಿಗೆಗಳಿಗೆ ಎಲ್‌ಆರ್‌ಯು ಎಂಬ ಹೆಸರು ಬಂತು. ಅವಿಲ್ಲದೆ ಇಂದಿನ ದೋಹಾ ಇಲ್ಲ. 2014ರಲ್ಲಿ ತೆರೆದ ಹಮದ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಜೀವಾಳವೇ ಕನೆಕ್ಷನ್. ಯುರೋಪಿನಿಂದ ಒಂದು ಗುಂಪು ವಿಮಾನ ಇಳಿಯುತ್ತದೆ, ಏಷ್ಯಾದ ಕಡೆಗೆ ಇನ್ನೊಂದು ಗುಂಪು ಏರುತ್ತದೆ. ಬೆಂಗಳೂರಿಗೆ ಬರುವ ಪ್ರಯಾಣಿಕ ಆ ನಡುವಿನ ಕೆಲವೇ ಗಂಟೆಗಳಲ್ಲಿ ಗೇಟು ಬದಲಿಸಬೇಕು. ದೋಷ ಕಂಡ ಪ್ರತಿ ವಿಮಾನವನ್ನೂ ಹ್ಯಾಂಗರಿಗೆ ಎಳೆದುಕೊಂಡು ಹೋಗುವಂತಿದ್ದರೆ ಇಡೀ ಸರಪಳಿ ಒಂದೇ ರಾತ್ರಿಯಲ್ಲಿ ಕಡಿದುಹೋಗುತ್ತದೆ.

ನನ್ನ ತಕರಾರು ಈ ಅನುಕೂಲದ ಮೇಲಲ್ಲ. ಅನುಕೂಲವನ್ನೇ ತಿಳಿವಳಿಕೆ ಎಂದು ಬಗೆಯುವುದರ ಮೇಲೆ.

2012ರ ನವೆಂಬರಿನಲ್ಲಿ ಕತಾರ್ ಏರ್‌ವೇಸ್ ತನ್ನ ಮೊದಲ ಬೋಯಿಂಗ್ 787 ಪಡೆಯಿತು. ಹಳೆಯ ವಿಮಾನಗಳಲ್ಲಿ ಎಂಜಿನ್ನಿನ ಬಿಸಿಗಾಳಿ ಮಾಡುತ್ತಿದ್ದ ಅನೇಕ ಕೆಲಸಗಳನ್ನು ಈ ವಿಮಾನದಲ್ಲಿ ವಿದ್ಯುತ್ತಿಗೆ ವಹಿಸಲಾಗಿತ್ತು. ಹಾಗಾಗಿ ವಿದ್ಯುತ್ ಹಂಚುವ ಪ್ಯಾನೆಲ್‌ಗಳು, ಜನರೇಟರುಗಳನ್ನು ನಿಯಂತ್ರಿಸುವ ಪೆಟ್ಟಿಗೆಗಳು ಅದರ ಜೀವನಾಡಿ. ಡಿಸೆಂಬರ್ 4ರಂದು ಹ್ಯೂಸ್ಟನ್‌ನಿಂದ ನೆವಾರ್ಕ್‌ಗೆ ಹೊರಟ ಯುನೈಟೆಡ್ ಸಂಸ್ಥೆಯ 787 ವಿದ್ಯುತ್ ದೋಷದಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿಯಬೇಕಾಯಿತು. ಕೆಲವೇ ದಿನಗಳಲ್ಲಿ ಕತಾರ್ ತನ್ನ ಒಂದು 787 ಅನ್ನು ನೆಲಕ್ಕೆ ನಿಲ್ಲಿಸಿತು. ಅದೇ ದೋಷ ತಮ್ಮಲ್ಲೂ ಕಂಡಿದೆ ಎಂದು ಆಗಿನ ಮುಖ್ಯಸ್ಥ ಅಕ್ಬರ್ ಅಲ್ ಬಾಕರ್ ಬಹಿರಂಗವಾಗಿ ಸಿಟ್ಟಾದರು. ಬೋಯಿಂಗ್ ಕೊನೆಗೆ ಕೊಟ್ಟ ವಿವರಣೆಯ ಪ್ರಕಾರ, ತಪ್ಪಿದ್ದದ್ದು ಒಂದೇ ಕಂತಿನಲ್ಲಿ ತಯಾರಾದ ಸರ್ಕ್ಯೂಟ್ ಬೋರ್ಡುಗಳಲ್ಲಿ. ಖಂಡಾಂತರದ ಎರಡು ಸಂಸ್ಥೆಗಳ ವಿಮಾನ ಒಂದೇ ವಾರದ ಆಸುಪಾಸಿನಲ್ಲಿ ಒಂದೇ ರೀತಿ ಕೆಟ್ಟದ್ದಕ್ಕೆ ಕಾರಣ ಅವುಗಳ ಏಕರೂಪತೆ. ಒಂದರ ಜಾಗಕ್ಕೆ ಇನ್ನೊಂದು ಕೂರುತ್ತದೆ ಎಂಬ ಗುಣವೇ ಒಂದರ ಕಾಯಿಲೆ ಇನ್ನೊಂದಕ್ಕೂ ಇದೆ ಎಂಬುದರ ಗುರುತೂ ಆಗಿತ್ತು. ಅಂಥ ಹೊತ್ತಿನಲ್ಲಿ ಸ್ಟೋರಿನಿಂದ ತರುವ ಬದಲಿಯೂ ಅದೇ ಕಂತಿನದಾಗಿದ್ದರೆ? ಬೋರ್ಡು ಬಿಚ್ಚಿ ನೋಡಬಲ್ಲವನಿಗೆ ಮಾತ್ರ ಈ ಪ್ರಶ್ನೆಗೆ ಉತ್ತರ ಗೊತ್ತು. ಅವನು ದೋಹಾದ ಟಾರ್ಮ್ಯಾಕಿನಲ್ಲಿ ಇರಲಿಲ್ಲ. ಬೋರ್ಡು ಮಾಡಿದವನ ಕಾರ್ಖಾನೆಯಲ್ಲಿದ್ದ.

ತಿಂಗಳೊಳಗೆ ಇದಕ್ಕಿಂತ ದೊಡ್ಡದು ಕಾದಿತ್ತು. 2013ರ ಜನವರಿ 7ರಂದು ಬಾಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್ 787ರ ಬ್ಯಾಟರಿಗೆ ಬೆಂಕಿ ಬಿತ್ತು. 16ರಂದು ಎಎನ್‌ಎ ಸಂಸ್ಥೆಯ ವಿಮಾನ ಬ್ಯಾಟರಿಯ ಹೊಗೆಯಿಂದಾಗಿ ತಕಮತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಜಗತ್ತಿನಲ್ಲಿ ಆಗ ಹಾರುತ್ತಿದ್ದ ಎಲ್ಲ 50 ಬೋಯಿಂಗ್ 787 ವಿಮಾನಗಳೂ ನಿಂತವು. ಕತಾರ್‌ನ ಐದು, ಏರ್ ಇಂಡಿಯಾದ ಆರು ಅದರಲ್ಲಿ ಸೇರಿದ್ದವು. ಆಮೇಲೆ ಹೊರಬಂದ ಒಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಬೆಂಕಿ ಬೀಳುವ ಮೊದಲಿನ ತಿಂಗಳುಗಳಲ್ಲಿ ಎಎನ್‌ಎ ಹತ್ತು ಬ್ಯಾಟರಿಗಳನ್ನು ಬದಲಿಸಿತ್ತು. ಚಾರ್ಜ್ ಸರಿಯಿಲ್ಲ, ತೆಗೆ, ಹೊಸದು ಹಾಕು, ವಿಮಾನ ಹೊರಟಿತು. ಆ ಹತ್ತಕ್ಕೂ ಬೆಂಕಿಗೂ ನೇರ ಸಂಬಂಧವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಬಿಡಿಸುವುದು ಸುಲಭವಿಲ್ಲದ ಭಾಗವೊಂದು ಹೀಗೆ ಮತ್ತೆ ಮತ್ತೆ ತೊಂದರೆ ಕೊಟ್ಟಿದ್ದರೆ ಮೂರನೆಯ ಸಲಕ್ಕೇ ಯಾರಾದರೂ ಕೂತು ಯಾಕೆ ಎಂದು ಕೇಳುತ್ತಿದ್ದರು. ಬದಲಿಸುವುದು ಸಲೀಸಾದಾಗ ಆ ಪ್ರಶ್ನೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಲೈನಿನಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ, ಎನ್‌ಎಫ್‌ಎಫ್ ಎಂಬ ಮೂರಕ್ಷರ ಗೊತ್ತಿರುತ್ತದೆ. ಕೆಟ್ಟಿದೆ ಎಂದು ತೆಗೆದು ಕಳಿಸಿದ ಪೆಟ್ಟಿಗೆಯನ್ನು ವರ್ಕ್‌ಶಾಪಿನ ಬೆಂಚಿನ ಮೇಲಿಟ್ಟು ಪರೀಕ್ಷಿಸಿದರೆ ದೋಷವೇ ಕಾಣುವುದಿಲ್ಲ ಎಂಬ ವರದಿ ಅದು. ಈ ರೋಗ ಎಷ್ಟು ಸಾಮಾನ್ಯವೆಂದರೆ ಅದನ್ನು ತಗ್ಗಿಸುವುದು ಹೇಗೆಂದು ಏರಿಂಕ್ ಪ್ರತ್ಯೇಕ ಮಾರ್ಗದರ್ಶಿಯನ್ನೇ ಹೊರಡಿಸಿದೆ. ಕೊಲ್ಲಿಯ ಬೇಸಿಗೆಯಲ್ಲಿ ಇದು ಹೇಗೆ ಹುಟ್ಟುತ್ತದೆಂದು ಊಹಿಸುವುದು ಕಷ್ಟವಲ್ಲ. ನಡುಹಗಲಿನ ಉಷ್ಣತೆ 45 ಡಿಗ್ರಿ ದಾಟುವ ಊರಲ್ಲಿ, ಮರಳು ಧೂಳು ಕೂತ ಫಿಲ್ಟರಿನ ಹಿಂದೆ, ತಂಪು ಗಾಳಿ ಸಾಲದೆ ಪೆಟ್ಟಿಗೆ ಕಾಯುತ್ತದೆ. ಫಾಲ್ಟ್ ಸಂದೇಶ ಬರುತ್ತದೆ. ಸಂದೇಶ ತೋರಿಸಿದ ಪೆಟ್ಟಿಗೆಯನ್ನು ಬದಲಿಸುವುದು ಜ್ವರ ಬಂದವನ ಬಾಯಲ್ಲಿನ ಥರ್ಮಾಮೀಟರ್ ಬದಲಿಸಿದಂತೆ. ತಪ್ಪು ಫಿಲ್ಟರಿನಲ್ಲೋ ಫ್ಯಾನಿನಲ್ಲೋ ಇರುತ್ತದೆ, ಅಥವಾ ಕನೆಕ್ಟರಿನಲ್ಲಿ ಕೂದಲೆಳೆಯಷ್ಟು ಬಾಗಿದ ಪಿನ್ನಿನಲ್ಲಿ. ತಂತಿಗಳನ್ನು ಯಾರೂ ಮಾಡ್ಯೂಲ್ ಎನ್ನುವುದಿಲ್ಲ. ಎಲ್ಲ ಮಾಡ್ಯೂಲ್‌ಗಳ ನಡುವೆ ಹರಿಯುವುದು ಅವೇ. ಅಲ್ಲಿನ ದೋಷವನ್ನು ಹುಡುಕಲು ಬೇಕಾದದ್ದು ಇಡೀ ವಿಮಾನ ಹೇಗೆ ಕೆಲಸ ಮಾಡುತ್ತದೆಂಬ ಅರಿವು, ವೈರಿಂಗ್ ನಕ್ಷೆ ಓದಿ ಅನುಮಾನಗಳನ್ನು ಒಂದೊಂದಾಗಿ ಕಳೆಯುವ ತಾಳ್ಮೆ. ಅಂಥ ತಂತ್ರಜ್ಞನನ್ನು ಬರೀ ಪೆಟ್ಟಿಗೆ ಬದಲಿಸುವವನು ಎಂದು ಕರೆದು ಅವನ ಸಂಬಳವನ್ನೂ ತರಬೇತಿಯನ್ನೂ ಕಡಿತ ಮಾಡುವ ವ್ಯವಸ್ಥಾಪಕರು ಉಳಿಸಿದ ಹಣ ಅನಗತ್ಯವಾಗಿ ಕಳಚಿದ ಪೆಟ್ಟಿಗೆಗಳ ಸಾಗಣೆಯಲ್ಲೇ ಕರಗುತ್ತದೆ.

ಹೊಸ ತಲೆಮಾರಿನ ವಿಮಾನಗಳಲ್ಲಿ ಪೆಟ್ಟಿಗೆಯ ರೂಪವೂ ಬದಲಾಯಿತು. 1995ರಲ್ಲಿ ಸೇವೆಗೆ ಬಂದ ಬೋಯಿಂಗ್ 777ರಿಂದ ಹಿಡಿದು ಏರ್‌ಬಸ್ ಎ380, ಬೋಯಿಂಗ್ 787, ಏರ್‌ಬಸ್ ಎ350ರವರೆಗೆ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ ಎಂಬ ಲೆಕ್ಕ ಕರಗಿ, ಹಲವು ಕೆಲಸಗಳ ಸಾಫ್ಟ್‌ವೇರ್ ಕೆಲವೇ ಸಮಾನ ಕಂಪ್ಯೂಟರ್ ಮಾಡ್ಯೂಲ್‌ಗಳಲ್ಲಿ ಓಡತೊಡಗಿತು. ಹೊಸ ಮಾಡ್ಯೂಲ್ ತಂದು ಕೂರಿಸಿದರಷ್ಟೇ ಸಾಲದು. ಅದಕ್ಕೆ ಆ ವಿಮಾನಕ್ಕೆ ಸಲ್ಲುವ ಸಾಫ್ಟ್‌ವೇರ್ ತುಂಬಿ, ಅದರ ಆವೃತ್ತಿ ಉಳಿದವುಗಳೊಂದಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಹೊಸ ಪಾರ್ಟ್ ನಂಬರಿನದು ಹಳೆಯದರ ಜಾಗಕ್ಕೆ ಸಲ್ಲುತ್ತದೆ, ಹಳೆಯದು ಹೊಸದರ ಜಾಗಕ್ಕೆ ಸಲ್ಲದು ಎಂಬ ಒಮ್ಮುಖ ಬದಲಿಯೂ ಮಾಮೂಲು. ಇನ್ನು ಸಾಫ್ಟ್‌ವೇರಿನೊಳಗೇ ತಪ್ಪಿದ್ದರೆ ಅದು ಎಲ್ಲ ಬದಲಿಗಳಲ್ಲೂ ಇರುತ್ತದೆ. 787ರ ನಾಲ್ಕು ಮುಖ್ಯ ಜನರೇಟರುಗಳ ನಿಯಂತ್ರಕಗಳು 248 ದಿನ ಸತತವಾಗಿ ಚಾಲೂ ಇದ್ದರೆ ಎಣಿಕೆ ಉಕ್ಕಿ ನಾಲ್ಕೂ ಒಟ್ಟಿಗೆ ಕೈಕೊಡಬಹುದು ಎಂದು ಅಮೆರಿಕದ ಎಫ್‌ಎಎ 2015ರಲ್ಲಿ ಎಚ್ಚರಿಸಿತು. ಒಂದು ಹೋದರೆ ಇನ್ನೊಂದಿರಲಿ ಎಂದೇ ನಾಲ್ಕನ್ನು ಇಟ್ಟದ್ದು. ಎಚ್ಚರಿಕೆ ಬಂದದ್ದು ನಾಲ್ಕಕ್ಕೂ ಒಟ್ಟಿಗೆ. ಎ350ರ ಒಂದು ಮಾದರಿಯನ್ನು 149 ಗಂಟೆ ತುಂಬುವುದರೊಳಗೆ ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಬೇಕೆಂದು ಯುರೋಪಿನ ಇಎಎಸ್‌ಎ 2017ರಲ್ಲಿ ಆದೇಶಿಸಿತು. ಮೊತ್ತಮೊದಲ ಎ350ಯನ್ನು 2014ರ ಡಿಸೆಂಬರಿನಲ್ಲಿ ಪಡೆದ ಸಂಸ್ಥೆ ಕತಾರ್ ಏರ್‌ವೇಸ್. ಗೋದಾಮು ತುಂಬ ಬಿಡಿಭಾಗವಿದ್ದರೂ ಇಂಥ ದೋಷಕ್ಕೆ ಅದರಲ್ಲಿ ಮದ್ದಿಲ್ಲ.

ಈಗ ಎರಡನೆಯ ತೀರ್ಮಾನ: ದುಡ್ಡಿದ್ದರೆ ಹಂಗಿಲ್ಲ ಎಂಬುದು. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೈನ್, ಈಜಿಪ್ಟ್ ಕತಾರ್‌ನೊಂದಿಗೆ ಸಂಬಂಧ ಕಡಿದುಕೊಂಡವು. ಭೂಗಡಿ ಮುಚ್ಚಿತು, ಕತಾರ್ ಏರ್‌ವೇಸ್‌ಗೆ 18 ಊರುಗಳು ಕೈತಪ್ಪಿದವು, ದುಬೈನ ಜೆಬೆಲ್ ಅಲಿ ಬಂದರಿನ ಮೂಲಕ ಬರುತ್ತಿದ್ದ ಸರಕು ಒಮಾನಿನ ಸೊಹಾರ್, ಸಲಾಲಾಗಳ ದಾರಿ ಹಿಡಿಯಿತು. ದೋಹಾದ ಮೇಲಿನ ಆಕಾಶದ ನಿಯಂತ್ರಣವೂ ಆಗ ಬಹರೈನ್ ಕೈಯಲ್ಲಿತ್ತು. ಕತಾರ್ ತನ್ನದೇ ವಾಯುಪ್ರದೇಶ ಪಡೆದದ್ದು 2022ರಲ್ಲಿ. ಸಂಬಂಧ ಕಡಿದ ಹೊತ್ತಿನಲ್ಲಿ ಕೊಲ್ಲಿಯ ವ್ಯಾಪಾರದ ದೊಡ್ಡ ಪಾಲು ದುಬೈ ಗೋದಾಮುಗಳ ಮೇಲೆ ನಿಂತಿತ್ತು. ಬದಲಿ ಪೆಟ್ಟಿಗೆ ಎಂಬ ಪದ್ಧತಿ ನಿಂತಿರುವುದು ಕೆಟ್ಟದ್ದು ಹೋಗಿ ಒಳ್ಳೆಯದು ಬರುವ ದಾರಿ ಸದಾ ತೆರೆದಿರುತ್ತದೆ ಎಂಬ ನಂಬಿಕೆಯ ಮೇಲೆ. ನೆರೆಯವನ ಒಂದು ಸಹಿಯಿಂದ ಆ ದಾರಿ ಬದಲಾಗುತ್ತದೆ. 1977ರಲ್ಲಿ ದೋಹಾದಲ್ಲಿ ಕೊಲ್ಲಿ ರಾಷ್ಟ್ರಗಳು ಕೂಡಿ ವಿಮಾನಯಾನ ಕಾಲೇಜು ಸ್ಥಾಪಿಸಿದ್ದವು. ಸ್ಥಾಪಕರಲ್ಲಿದ್ದ ಬಹರೈನ್, ಯುಎಇಗಳೇ ನಲವತ್ತು ವರ್ಷಗಳ ಬಳಿಕ ಬಾಗಿಲು ಹಾಕಿದವು. ಆದರೆ ಕಾಲೇಜು ಕಲಿಸಿದ ಅರಿವು ದೋಹಾದಲ್ಲೇ ಉಳಿಯಿತು. ಸರಕಿಗೂ ಅರಿವಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಬಿಚ್ಚಿ ಬದಲಿಸಲಾಗದ ಒಂದು ಭಾಗ ಕೆಟ್ಟಾಗ ಏನಾಯಿತೆಂದು ನೋಡಿದರೆ ಹಂಗಿನ ಆಳ ತಿಳಿಯುತ್ತದೆ. ವಿಶ್ವಕಪ್ ಫುಟ್‌ಬಾಲಿನ ಬಣ್ಣ ಬಳಿಯಲೆಂದು 2020ರ ಕೊನೆಯಲ್ಲಿ ಕಳಿಸಿದ ಎ350ಯ ಹೊರಮೈಯಲ್ಲಿ ಪೇಂಟ್ ಬಿರುಕು ಬಿಟ್ಟು, ಅದರಡಿಯ ಸಿಡಿಲು ತಡೆಯುವ ತಾಮ್ರದ ಜಾಲರಿಗೂ ಹಾನಿಯಾದದ್ದು ಕಂಡಿತು. ಕತಾರ್‌ನ ನಿಯಂತ್ರಕರು 2021ರ ಆಗಸ್ಟಿನಲ್ಲಿ 13 ವಿಮಾನಗಳನ್ನು ನಿಲ್ಲಿಸಿದರು, ಸಂಖ್ಯೆ ಮುಂದೆ ಬೆಳೆಯಿತು. ಹಾರಾಟದ ಸುರಕ್ಷತೆಗೆ ಧಕ್ಕೆಯಿಲ್ಲ ಎಂದು ಯುರೋಪಿನ ನಿಯಂತ್ರಕರೂ ಏರ್‌ಬಸ್ಸೂ ಹೇಳಿದವು. ಮೂಲೆಗಿಟ್ಟಿದ್ದ ಎ380ಗಳನ್ನು ಕತಾರ್ ಮತ್ತೆ ಹೊರತೆಗೆಯಿತು, ಲಂಡನ್ನಿನ ಹೈಕೋರ್ಟಿಗೆ ಹೋಯಿತು. ಏರ್‌ಬಸ್ ಸುಮ್ಮನಿರಲಿಲ್ಲ: ಈ ಜಗಳಕ್ಕೆ ಸಂಬಂಧವೇ ಇಲ್ಲದ 50 ಎ321 ನಿಯೊ ವಿಮಾನಗಳ ಆರ್ಡರನ್ನು 2022ರ ಜನವರಿಯಲ್ಲಿ ರದ್ದು ಮಾಡಿತು. ಜಗತ್ತಿನ ಅತಿ ಶ್ರೀಮಂತ ಗಿರಾಕಿಗಳಲ್ಲೊಬ್ಬನಿಗೆ ಅಂಗಡಿಯವನು ತೋರಿಸಿದ ಬಲ ಅದು. 2023ರ ಫೆಬ್ರವರಿ 1ರಂದು, ಯಾರೂ ತಪ್ಪೊಪ್ಪಿಕೊಳ್ಳದೆ, ರಾಜಿಯಾಯಿತು.

ಏರಿಂಕ್ ಕಾಲದ ಕೊಳ್ಳುವವರ ಒಗ್ಗಟ್ಟು ಎಲ್ಲಿ, ಇದೆಲ್ಲಿ. ಅಂದು ಯಾರದೇ ರೇಡಿಯೊ ಯಾರದೇ ಚೌಕಟ್ಟಿಗೆ ಕೂರಬೇಕಿತ್ತು. ಇಂದು ಅನೇಕ ಮಾಡ್ಯೂಲ್‌ಗಳ ಜಾಗಕ್ಕೆ ಅದೇ ಕಂಪನಿಯ ಅದೇ ನಂಬರಿನ ಇನ್ನೊಂದು ಮಾತ್ರ ಬರಬಹುದು. ಅದನ್ನು ತೆರೆಯುವ ಕೈಪಿಡಿ, ಟೆಸ್ಟ್ ಬೆಂಚು, ಸಾಫ್ಟ್‌ವೇರಿನ ಬೀಗದ ಕೈ ತಯಾರಕರ ಬಳಿ. ಇದು ಅನಿವಾರ್ಯ, ಈಗಿನ ತಂತ್ರಜ್ಞಾನ ಅಷ್ಟು ಸಂಕೀರ್ಣ ಎನ್ನುವವರಿಗೆ ನಾನು 2018ರ ಜುಲೈ ತೋರಿಸುತ್ತೇನೆ. ವಿಮಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಎರಡು ವರ್ಷ ಮುಂಚೆ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತ್ತು. ಅದರ ಬಳಿಕ ಎಂಜಿನ್ ತಯಾರಕ ಸಿಎಫ್‌ಎಂ, ತನ್ನ ಎಂಜಿನ್ನಿನ ದುರಸ್ತಿಯಲ್ಲೂ ಬಿಡಿಭಾಗಗಳಲ್ಲೂ ಹೊರಗಿನವರಿಗೆ ಅವಕಾಶ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಐಎಟಿಎ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಆಗ ಇದ್ದವರು ಅದೇ ಅಲ್ ಬಾಕರ್. ಜೆಟ್ ಎಂಜಿನ್ನಿನಷ್ಟು ಜಟಿಲವಾದದ್ದರಲ್ಲಿ ಇದು ಸಾಧ್ಯವಾದರೆ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಅಸಾಧ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇದು ದೂರದ ಜಗಳವೆಂದು ನಾವು ಬೆಂಗಳೂರಿನಲ್ಲಿ ಕೂತು ಓದುವಂತಿಲ್ಲ. ಎಚ್‌ಎಎಲ್ ದಶಕಗಳ ಹಿಂದೆಯೇ ಎ320ಗೆ ಬಾಗಿಲು ಮಾಡಿಕೊಟ್ಟಿದೆ. ಬೆಳಗಾವಿಯಲ್ಲಿ ಈಕಸ್ ಕಂಪನಿ ವಿಮಾನದ ಬಿಡಿಭಾಗ ಮಾಡುತ್ತಿದೆ. ಎ220ರ ಬಾಗಿಲುಗಳ ಗುತ್ತಿಗೆ 2024ರಲ್ಲಿ ಬೆಂಗಳೂರಿನ ಡೈನಮ್ಯಾಟಿಕ್‌ಗೆ ಬಂತು. ಇವು ಹೆಮ್ಮೆಯ ಕೆಲಸಗಳೇ. ಆದರೆ ಭಾಗ ಮಾಡಿಕೊಟ್ಟವರಿಗೆ ಅದರ ವಿನ್ಯಾಸ ತಿದ್ದುವ ಹಕ್ಕು ತಾನಾಗಿ ಬರುವುದಿಲ್ಲ. ಕತಾರ್ ವಾಯುಪಡೆಯ 12 ಮಿರಾಜ್ 2000–5 ವಿಮಾನಗಳನ್ನು ಭಾರತ ಕೊಳ್ಳುವ ಮಾತುಕತೆ 2024ರಲ್ಲಿ ಸುದ್ದಿಯಾದಾಗ ನಮ್ಮ ಪತ್ರಿಕೆಗಳು ವಿಮಾನಗಳ ಸಂಖ್ಯೆಯನ್ನೂ ಬೆಲೆಯನ್ನೂ ಚರ್ಚಿಸಿದವು. ಎರಡೂ ದೇಶಗಳ ಮಿರಾಜ್‌ಗಳಲ್ಲಿ ಎಂಜಿನ್ ಒಂದೇ, ಮಾಡ್ಯೂಲ್‌ಗಳಾಗಿ ಬಿಚ್ಚುವ ಎಂ53–ಪಿ2. ಆದರೆ ಕತಾರ್‌ನವು 1990ರ ದಶಕದ ಕೊನೆಯವು. ನಮ್ಮವು 2011ರ ಒಪ್ಪಂದದ ಮೇರೆಗೆ ಹೊಸ ಉಪಕರಣ ಪಡೆದವು, ಅವುಗಳಲ್ಲಿ ಬಹುಪಾಲಿನ ಕೆಲಸ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಡೆಯುವಂತೆ ಗೊತ್ತಾಗಿತ್ತು. ಅಂಥ ವ್ಯವಹಾರ ಎಂದಾದರೂ ಕುದುರುವುದಾದರೆ ನಮ್ಮ ವಾಯುಪಡೆ ಮೇಜಿನ ಮೇಲೆ ಮೊದಲು ಕೇಳಬೇಕಾದದ್ದು ಪ್ರತಿ ಪೆಟ್ಟಿಗೆಯ ದುರಸ್ತಿ ಚರಿತ್ರೆ, ಟೆಸ್ಟ್ ಬೆಂಚುಗಳು, ಒಳಗಿನ ಬೋರ್ಡಿನ ಮಟ್ಟದವರೆಗಿನ ಕೈಪಿಡಿಗಳು, ಮತ್ತು ಅವನ್ನು ಫ್ರಾನ್ಸಿನ ಅನುಮತಿಗೆ ಕಾಯದೆ ಬೆಂಗಳೂರಿನಲ್ಲಿ ತೆರೆಯಬಹುದು ಎಂಬ ಲಿಖಿತ ಹಕ್ಕು. ವಿಮಾನಗಳ ಬೆಲೆಯ ಮಾತು ಅದರ ನಂತರ.