ಮಟ್ಟಿಯ ಮಣ್ಣು, ಜಿಮ್‌ನ ಕಬ್ಬಿಣ

ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣವಾಯಿತು. ಕೆಮ್ಮಣ್ಣನ್ನೇ ಜರಡಿ ಹಿಡಿದು, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡಿದರೆ ಗರಡಿಯ ಮಟ್ಟಿ. ನಮ್ಮ ಸೀಮೆಯ ಮೈಕಟ್ಟಿನ ಕಥೆ ಇವೆರಡರ ನಡುವೆಯೇ ಇದೆ. ಅಜ್ಜ ಮಟ್ಟಿಯಲ್ಲಿ ಸಾಮು ಮಾಡಿದ. ಮೊಮ್ಮಗ ಜಿಮ್‌ನಲ್ಲಿ ಕಬ್ಬಿಣ ಎತ್ತುತ್ತಾನೆ.

ಈ ಎರಡನ್ನೂ ಬೆಸೆದವರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಕಟ್ಟಿದ ಅವರು ಬಾರ್‌ಬೆಲ್ ಜೊತೆಗೇ ಸೂರ್ಯನಮಸ್ಕಾರವನ್ನೂ ಕಲಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ತಂದರು. ದೂರದೂರಿನವರಿಗೆ ಅಂಚೆಯಲ್ಲೇ ಪಾಠ ಕಳಿಸಿದರು. ಡಂಬಲ್ಸ್ ಹಿಡಿದ ಅದೇ ಕೈ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆಯಿತು. ಮೈ ಬೆಳೆಸುವವನಿಗೆ ಮನಸ್ಸು ಬೆಳೆಸುವುದೂ ಸಾಧ್ಯ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹವ್ಯಾಸಿ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆಯಲ್ಲಿ ಕಡ್ಡಾಯ ಭಂಗಿಗಳು ಏಳು. ತೋಳು ಮಡಚಿ ನಿಂತಾಗ ಜನ ಸಿಳ್ಳೆ ಹಾಕುತ್ತಾರೆ. ನನ್ನ ಕಣ್ಣು ಮಾತ್ರ ಮೊದಲು ತೊಡೆಯ ಮೇಲೆ. ತೋಳನ್ನು ಆರು ತಿಂಗಳಲ್ಲಿ ಉಬ್ಬಿಸಬಹುದು. ವರ್ಷಗಟ್ಟಲೆ ಬಸ್ಕಿ ಹೊಡೆಯದವನ ತೊಡೆ ದೀಪದ ಬೆಳಕಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಬೆನ್ನು. ತಿರುಗಿ ನಿಂತು ತೋಳೆತ್ತಿದ ಹುಡುಗನ ಹೆಗಲಿಂದ ಸೊಂಟದವರೆಗೆ ಒಂದೊಂದೇ ಎಳೆ ಬಿಚ್ಚಿಕೊಳ್ಳುವಾಗ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಸಿಂಹದೊಡನೆ ಸೆಣಸುವ ವೀರನೇ ನೆನಪಾಗುತ್ತಾನೆ. ಅದು 1196ರ ಕೆತ್ತನೆ, ಇದೂ ಕೆತ್ತನೆಯೇ.

ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಒಂದು ಹವ್ಯಾಸಿ ದೇಹದಾರ್ಢ್ಯ ಸಂಘ ಬೇಕು ಎಂದು ನಾನು ಒತ್ತಿ ಹೇಳುವುದು ಈ ಕೆತ್ತನೆಯನ್ನು ಸರಿಯಾಗಿ ಕಲಿಸುವುದಕ್ಕೇ. ಕಪ್ ಹಂಚುವುದು ಅದರ ಕೊನೆಯ ಕೆಲಸವಾಗಲಿ. ಮೊದಲ ಕೆಲಸ, ಹೊಸಬನಿಗೆ ಬೆನ್ನು ಮುರಿಯದಂತೆ ಭಾರ ಎತ್ತಲು ಕಲಿಸುವುದು. ಎರಡನೆಯದು, ಊಟದ ತಿಳಿವಳಿಕೆ: ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಮುದ್ದೆ, ಹುರುಳಿ ಸಾರು, ಮೊಟ್ಟೆ ಇದ್ದ ಮನೆಯ ಹುಡುಗ ದುಬಾರಿ ಡಬ್ಬಿಗೆ ಸಾಲ ಮಾಡಬೇಕಿಲ್ಲ. ಮೂರನೆಯದು, ಸ್ಟೆರಾಯ್ಡ್ ಸೂಜಿಗೆ ಸಂಪೂರ್ಣ ನಿಷೇಧ. ಆ ಸೂಜಿ ಹೃದಯ, ಯಕೃತ್ತು ಎರಡನ್ನೂ ತಿನ್ನುತ್ತದೆ. ಇದರಲ್ಲಿ ದಾಕ್ಷಿಣ್ಯ ಕೂಡದು.

ಬಂಗಾಳದ ದೇಹದಾರ್ಢ್ಯ ಪಟು ಮನೋಹರ್ ಆಯಿಚ್ ಅವರ ಎತ್ತರ ಐದಡಿಗೂ ಕಡಿಮೆ. ಬ್ರಿಟಿಷರ ಜೈಲಿನಲ್ಲಿ ಸಲಕರಣೆ ಇಲ್ಲದೆ ಕಸರತ್ತು ಮಾಡಿದರು. 1952ರಲ್ಲಿ ತಮ್ಮ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ. ಮೈ ಬೆಳೆಸುವುದು ಬಾಳುವುದಕ್ಕೆ.

ನಿಮ್ಮೂರಿನಲ್ಲಿ ಬೀಗ ಬಿದ್ದ ಗರಡಿಮನೆ ಇದ್ದರೆ ಈ ವಾರ ಹಿರಿಯರನ್ನು ಕೇಳಿ ಬಾಗಿಲು ತೆಗೆಸಿ. ಸಂಘದ ಮೊದಲ ಸಭೆ ಅಲ್ಲೇ ಸೇರಲಿ.