ಗೋಡೆ ತುಂಬ ಕ್ಯಾಲೆಂಡರ್ ಇರುವ ಹೋಟೆಲು

ಪ್ರೀತಿ ಮುರಿದುಬಿದ್ದವರಿಗೆ ಗೆಳೆಯರು ಹೇಳುವ ಮೊದಲ ಮಾತು ‘ಎಲ್ಲಾದರೂ ಒಂದು ರೌಂಡ್ ಹೋಗಿ ಬಾ’ ಎನ್ನುವುದು. ಸಲಹೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಹೋಗಿ ನಿನ್ನನ್ನು ನೀನು ಹುಡುಕಿಕೋ’. ಬೆಂಗಳೂರಿನಿಂದ 3,000 ಕಿಲೋಮೀಟರ್ ದಾಟಿ ಲಡಾಖಿಗೆ ಬೈಕ್ ಓಡಿಸುವವರಿಗೂ, ಶನಿವಾರ ರಾತ್ರಿ ಗೋಕರ್ಣದ ದಾರಿ ಹಿಡಿಯುವವರಿಗೂ ಈ ಎರಡನೆಯ ಮಾತು ಡಿಕ್ಕಿಯಲ್ಲಿ ತುಂಬಿದ ಸಾಮಾನಿಗಿಂತ ಭಾರ. ಒಂಟಿ ಸವಾರಿಗೆ ಗಾಯ ಮಾಯಿಸುವ ಗುಣ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ತನ್ನನ್ನು ತಾನು ಹುಡುಕಲು ಹೊರಟವರಿಗೆ ಆ ಗುಣ ಸಿಗುವುದು ಕಷ್ಟ. ದಾರಿಯಲ್ಲಿ ಕಂಡವರ ಮಾತಿಗೆ ಕಿವಿ ಕೊಡುತ್ತ, ತನ್ನ ವಿಚಾರವನ್ನು ಸ್ವಲ್ಪ ಹೊತ್ತು ಮರೆತವರಿಗೆ ಸಿಗುತ್ತದೆ. ಹಾಗಾಗಿ ಎಷ್ಟು ದೂರ ಹೋದೆವು ಎನ್ನುವುದಕ್ಕಿಂತ ಯಾವ ರಸ್ತೆಯಲ್ಲಿ ಹೋದೆವು ಎನ್ನುವುದೇ ಮುಖ್ಯ.

ಇದಕ್ಕೆ ನನ್ನ ದೊಡ್ಡ ಸಾಕ್ಷಿ ಅಮೆರಿಕದ ಒಬ್ಬ ಇಂಗ್ಲಿಷ್ ಮೇಷ್ಟ್ರು. ಮಿಸ್ಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿದ್ದ ವಿಲಿಯಂ ಟ್ರಾಗ್ಡನ್ ಅವರ ಕಾಲೇಜಿನ ಕೆಲಸ 1978ರ ಫೆಬ್ರವರಿಯಲ್ಲಿ ಹೋಯಿತು. ವಿದ್ಯಾರ್ಥಿಗಳು ಕಡಿಮೆಯಾದರು ಎನ್ನುವುದು ಕಾರಣ. ಒಂಬತ್ತು ತಿಂಗಳಿಂದ ಬೇರೆ ಇದ್ದ ಹೆಂಡತಿಗೆ ಆ ಸುದ್ದಿ ಹೇಳಲು ಫೋನ್ ಮಾಡಿದರೆ, ಆಕೆಯ ಬದುಕಿನಲ್ಲಿ ಇನ್ನೊಬ್ಬರು ಇರುವುದು ಮಾತಿನ ನಡುವೆ ಹೊರಬಿತ್ತು. ಗಂಡ, ಮೇಷ್ಟ್ರು ಎಂಬ ಎರಡು ಗುರುತುಗಳೂ ಒಟ್ಟಿಗೇ ಕಳಚಿಬಿದ್ದವು. ಆಗ ಅವರಿಗೆ 38 ವರ್ಷ. ಮಾರ್ಚ್ 20ರಂದು, ವಸಂತದ ಮೊದಲ ದಿನ, ಹಿಂಭಾಗದಲ್ಲಿ ಮಲಗಲು ಜಾಗ ಮಾಡಿಕೊಂಡ ಫೋರ್ಡ್ ವ್ಯಾನಿನಲ್ಲಿ ಅವರು ಒಬ್ಬರೇ ಹೊರಟರು. ಮೂರು ತಿಂಗಳಲ್ಲಿ ದೇಶಕ್ಕೆ ಒಂದು ಪ್ರದಕ್ಷಿಣೆ ಹಾಕಿದರು. ಒಟ್ಟು 13,000 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 21,000 ಕಿಲೋಮೀಟರ್. ಅಲ್ಲಿನ ಹಳೆಯ ನಕ್ಷೆಗಳಲ್ಲಿ ಹೆದ್ದಾರಿಗೆ ಕೆಂಪು ಗೆರೆ, ಊರೂರಿನ ಒಳರಸ್ತೆಗೆ ನೀಲಿ ಗೆರೆ. ಅವರು ನೀಲಿ ಗೆರೆಗಳನ್ನೇ ಹಿಡಿದು ಹೋದರು. 1982ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಬ್ಲೂ ಹೈವೇಸ್’. ಅದರ ಮೇಲಿದ್ದ ಲೇಖಕರ ಹೆಸರು ವಿಲಿಯಂ ಲೀಸ್ಟ್ ಹೀಟ್-ಮೂನ್. ತಂದೆ ಹೀಟ್-ಮೂನ್, ಅಣ್ಣ ಲಿಟಲ್ ಹೀಟ್-ಮೂನ್, ಮನೆಯ ಕಿರಿಯವರಾದ್ದರಿಂದ ಇವರು ಲೀಸ್ಟ್.

ಹೆಂಡತಿ ಬಿಟ್ಟುಹೋದ ದುಃಖದಲ್ಲಿ ಹೊರಟವರ ಪುಸ್ತಕ ಎಂದುಕೊಂಡು ಓದಲು ಕೂತರೆ ಆಶ್ಚರ್ಯ ಕಾದಿರುತ್ತದೆ. ಆ ದುಃಖಕ್ಕೆ ಅದರಲ್ಲಿ ಸಿಕ್ಕಿರುವುದು ತೀರಾ ಕಡಿಮೆ ಜಾಗ. ಉಳಿದದ್ದೆಲ್ಲ ಬೇರೆಯವರದು. ಅಂಗಡಿಯವರು, ರೈತರು, ಮೀನುಗಾರರು, ಸನ್ಯಾಸಿಗಳು ತಮ್ಮ ತಮ್ಮ ಆಡುಮಾತಿನಲ್ಲೇ ಅಲ್ಲಿ ಮಾತಾಡುತ್ತಾರೆ, ಅವರ ಫೋಟೊಗಳೂ ಇವೆ. ಟೆನೆಸ್ಸಿಯಲ್ಲಿ ‘ನೇಮ್‌ಲೆಸ್’ ಎಂಬ ಊರಿದೆ, ಅಂದರೆ ಹೆಸರಿಲ್ಲದ ಊರು. ಅಂಚೆ ಕಚೇರಿಗೆ ಒಂದು ಹೆಸರು ಬೇಕಾದಾಗ ಊರವರಲ್ಲಿ ಒಮ್ಮತ ಬರದೆ, ಹೆಸರಿಲ್ಲದ್ದೇ ಹೆಸರಾಗಿ ಉಳಿಯಿತು ಎಂಬುದು ಅಲ್ಲಿಯ ಕಥೆ. ಆ ಹೆಸರಿನ ಬೆನ್ನು ಹತ್ತಿ ಹೋದ ಹೀಟ್-ಮೂನ್ ಹಳೆಯ ಅಂಗಡಿಯೊಂದನ್ನು ನಡೆಸಿದ್ದ ದಂಪತಿಯ ಅತಿಥಿಯಾಗುತ್ತಾರೆ. ಊಟಕ್ಕೆ ಹೋಟೆಲು ಆರಿಸಲು ಹೀಟ್-ಮೂನ್ ಇಟ್ಟುಕೊಂಡಿದ್ದ ಅಳತೆಗೋಲು ನನಗೆ ಬಹಳ ಇಷ್ಟ: ಗೋಡೆಯ ಮೇಲಿನ ಕ್ಯಾಲೆಂಡರುಗಳನ್ನು ಎಣಿಸುವುದು. ಒಂದೂ ಇಲ್ಲದಿದ್ದರೆ ಅದು ಹೆದ್ದಾರಿ ಬದಿಯ ಯಾವುದೋ ಒಂದು ಊಟದ ಅಂಗಡಿ, ಐದಿದ್ದರೆ ಆ ಜಾಗದ ಗುಟ್ಟು ಬಿಟ್ಟುಕೊಡಬಾರದು. ಇದರ ತರ್ಕ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರದಂಗಡಿ, ಸಹಕಾರ ಸಂಘ, ಜವಳಿ ಅಂಗಡಿ, ಚಿನ್ನದಂಗಡಿಯ ಕ್ಯಾಲೆಂಡರುಗಳು ಸಾಲಾಗಿ ತೂಗುವ ಹೋಟೆಲೆಂದರೆ ಊರಿನ ಜನ ದಿನಾ ಬಂದು ಕೂರುವ ಜಾಗ. ಅಲ್ಲಿ ಹೊಸ ಮುಖ ಕಂಡರೆ ‘ಯಾವೂರಾಯ್ತು ನಿಮ್ದು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮನಸ್ಸು ಮುರಿದವರಿಗೆ ಆ ಪ್ರಶ್ನೆಯೇ ಔಷಧಿ. ಉತ್ತರ ಹೇಳುವಾಗ ಬಿಟ್ಟುಹೋದವರ ಹೆಸರು ಎತ್ತಬೇಕಾಗಿಲ್ಲ.

ಮನಶ್ಶಾಸ್ತ್ರಜ್ಞರ ಕೆಲಸವೂ ಇದೇ ಕಡೆ ಬೊಟ್ಟು ಮಾಡುತ್ತದೆ. ಎರಿಕಾ ಸ್ಲಾಟರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಬಂಧ ಕಡಿದಾಗ ‘ನಾನು ಯಾರು’ ಎಂಬ ತಿಳಿವಳಿಕೆಯೇ ಮಸುಕಾಗುತ್ತದೆ, ನೋವಿನಲ್ಲಿ ಅದರ ಪಾಲೂ ಇದೆ. ಹಾಗಿದ್ದರೆ ಕೂತು ತನ್ನನ್ನು ಹುಡುಕಿಕೊಳ್ಳುವುದೇ ಸರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಡೇವಿಡ್ ಸ್ಬಾರಾ ಅವರ ತಂಡದ 2013ರ ಅಧ್ಯಯನ ನೆನಪಿಗೆ ಬರುತ್ತದೆ. ದಾಂಪತ್ಯ ಮುರಿದು ಹೆಚ್ಚು ದಿನ ಆಗಿರದ 90 ಜನರಲ್ಲಿ ಕೆಲವರಿಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಬರೆಯಲು ಹೇಳಿದರು. ಇನ್ನು ಕೆಲವರಿಗೆ ಭಾವನೆ ಬೆರೆಸದೆ, ದಿನದಲ್ಲಿ ಏನೇನು ಮಾಡಿದಿರಿ ಎನ್ನುವುದನ್ನಷ್ಟೇ ಬರೆಯಲು ಹೇಳಿದರು. ಯಾಕೆ ಹೀಗಾಯಿತು ಎಂದು ಅರ್ಥ ಹುಡುಕುತ್ತ ಅದನ್ನೇ ಮೆಲುಕು ಹಾಕುವ ಸ್ವಭಾವದವರ ವಿಷಯದಲ್ಲಿ, ಮನಸ್ಸು ಬಿಚ್ಚಿ ಬರೆದವರ ಸ್ಥಿತಿಯೇ ಎಂಟು ತಿಂಗಳ ನಂತರ ಹೆಚ್ಚು ಕೆಟ್ಟಿತ್ತು. ಒಂದು ಅಧ್ಯಯನ ಎಲ್ಲರ ಬದುಕಿಗೂ ಅನ್ವಯಿಸುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೂ ಕಂಡದ್ದು, ಉಂಡದ್ದು, ಮಾಡಿದ್ದು ಎಂಬ ಸರಳ ಲೆಕ್ಕವೇ ಕೆಲವರನ್ನು ಕಾಯುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ. ನೀಲಿ ರಸ್ತೆಯ ಪ್ರಯಾಣ ತುಂಬುವುದು ಇಂಥ ಲೆಕ್ಕವನ್ನೇ.

ರಸ್ತೆಯ ಆಯ್ಕೆ ಮುಖ್ಯ ಎಂದದ್ದು ಇದಕ್ಕೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ಪಕ್ಕಕ್ಕೆ ಸರಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಿಗೆ ಬೈಕುಗಳ ಪ್ರವೇಶವೂ ನಿಂತಿತು. ಬೇಗ ತಲುಪಬೇಕಾದವರಿಗೆ ಅದು ವರವೇ. ಆದರೆ ನೊಂದ ಮನಸ್ಸಿಗೆ ಅಂಥ ರಸ್ತೆ ಒಳ್ಳೆಯದಲ್ಲ. ಸ್ಟೀರಿಂಗ್ ಹಿಡಿದ ಕೈಗೆ ಕೆಲಸವಿಲ್ಲ, ಕಣ್ಣಿಗೆ ಕಾಣುವುದು ಬೇಲಿ ಮತ್ತು ಬೋರ್ಡು, ಮನಸ್ಸು ಹಳೆಯ ಮೆಸೇಜುಗಳತ್ತ ಓಡುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಬಿಟ್ಟು ಪಾಂಡವಪುರ, ಮೇಲುಕೋಟೆ ಕಡೆ ತಿರುಗಿದರೆ ಲೋಕವೇ ಬೇರೆ. ಕಬ್ಬಿನ ಗಾಡಿಯ ಹಿಂದೆ ನಿಧಾನವಾಗಿ ಹೋಗಲೇಬೇಕು. ಆಲೆಮನೆ ಕಂಡರೆ ನಿಲ್ಲಿಸಿ ನೋಡಿ: ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಒಡ್ಡಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕಿಟ್ಟವನ್ನು ತೆಗೆಯುತ್ತ, ಪಾಕ ಹದಕ್ಕೆ ಬಂತೇ ಎಂದು ನೋಡುವವರು ಕಣ್ಣು ಅತ್ತಿತ್ತ ಹೊರಳಿಸುವುದಿಲ್ಲ. ಅವರ ಕೆಲಸವನ್ನು ಹತ್ತು ನಿಮಿಷ ನೋಡುತ್ತ ನಿಂತವರು ಆ ಹತ್ತು ನಿಮಿಷ ತಮ್ಮ ಬಗ್ಗೆ ಯೋಚಿಸಿರುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳದೂ ಇದೇ ಉಪಕಾರ. ಎದುರಿನಿಂದ ಬಸ್ಸು ಬರುತ್ತಿರುವಾಗ ಬೇರೆ ಯೋಚನೆಗೆ ಪುರುಸೊತ್ತು ಇರುವುದಿಲ್ಲ.

ಇದು ಪಲಾಯನವಲ್ಲವೇ ಎಂಬ ಆಕ್ಷೇಪ ಹಳೆಯದು. ಮೂಳೆ ಮುರಿದವರು ಕಾಲಿಗೆ ಪಟ್ಟಿ ಹಾಕಿ ಮಲಗುವುದನ್ನು ನಾವು ಪಲಾಯನ ಎನ್ನುವುದಿಲ್ಲ. ಹೀಟ್-ಮೂನ್ ಹೊರಟ ಊರಿಗೇ ಮರಳಿದರು. ದಾಂಪತ್ಯ ಮತ್ತೆ ಕೂಡಲಿಲ್ಲ. ಬಂದವರು ನಾಲ್ಕು ವರ್ಷ ಕೂತು, ತಿದ್ದಿ ತಿದ್ದಿ ಪುಸ್ತಕ ಬರೆದರು. ಓಡಿಹೋಗುವವರು ಮಾಡುವ ಕೆಲಸ ಇದಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ನಾಲ್ಕು ರಾತ್ರಿ ನಿದ್ದೆ ಇಲ್ಲದವರನ್ನು ರಸ್ತೆಗೆ ಕಳಿಸುವುದು ಅಪಾಯ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪೆಟ್ಟು ಬಿದ್ದ ವಾರವೇ ಬೈಕ್ ಹತ್ತಬಾರದು. ಹೀಟ್-ಮೂನ್ ಕೂಡ ಆ ಫೋನ್ ಕರೆಯ ನಂತರ ತಿಂಗಳಿಗೂ ಹೆಚ್ಚು ಕಾಲ ಊರಲ್ಲೇ ಇದ್ದರು. ರಾತ್ರಿ ಸವಾರಿ ಬೇಡ. ಯಾರಾದರೊಬ್ಬರಿಗೆ ದಿನಾ ಸಂಜೆ ಫೋನ್ ಮಾಡುವ ಮಾತು ಕೊಟ್ಟೇ ಹೊರಡಬೇಕು. ಬದುಕೇ ಬೇಡ ಎನ್ನಿಸುತ್ತಿದ್ದರೆ ಪ್ರವಾಸದ ಮಾತು ಹಾಗಿರಲಿ, ಮೊದಲು ವೈದ್ಯರನ್ನು ಕಾಣಬೇಕು.

ವ್ಯಾನು, ರಜೆ, ದುಡ್ಡು ಇರುವ ಗಂಡಸರ ಮಾತು ಇದು ಎನ್ನುವ ಆಕ್ಷೇಪಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಗುರುತಿಲ್ಲದ ಊರಿನಲ್ಲಿ ವ್ಯಾನ್ ನಿಲ್ಲಿಸಿ ಒಬ್ಬರೇ ಮಲಗುವ ಸ್ವಾತಂತ್ರ್ಯ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಸಿಕ್ಕಿಲ್ಲ. ಅದು ಅನ್ಯಾಯ. ಆದರೆ ನೀಲಿ ರಸ್ತೆಗೆ ಸ್ವಂತ ಗಾಡಿಯೇ ಬೇಕೆಂದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಕೈ ತೋರಿಸಿದಲ್ಲೆಲ್ಲ ನಿಲ್ಲುವ, ಪ್ರತಿ ಊರಿನ ಕಟ್ಟೆ ಮುಟ್ಟಿಯೇ ಮುಂದೆ ಸಾಗುವ ಕೆಂಪು ಬಸ್ಸಿಗಿಂತ ಒಳ್ಳೆಯ ನೀಲಿ ರಸ್ತೆಯ ವಾಹನ ನನಗೆ ಗೊತ್ತಿಲ್ಲ. ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರುವ ಪ್ರಯಾಣವೂ ಪ್ರಯಾಣವೇ. ಪಕ್ಕದ ಸೀಟಿನ ಅಜ್ಜಿ ಮಡಿಲಲ್ಲಿನ ಬ್ಯಾಗು ಸರಿಸಿ ಜಾಗ ಕೊಟ್ಟು ‘ಎಲ್ಲಿಗವ್ವಾ?’ ಎನ್ನುತ್ತಾರೆ. ಸ್ವಂತ ಗಾಡಿ ಇರುವವರು ಮೊಬೈಲಿನ ಮ್ಯಾಪಿನಲ್ಲಿ ಹೆದ್ದಾರಿ ತಪ್ಪಿಸುವ ಆಯ್ಕೆಯನ್ನು ಒತ್ತಿ ನೋಡಲಿ. ಎರಡು ಗಂಟೆಯ ದಾರಿ ನಾಲ್ಕು ಗಂಟೆಯಾಗುತ್ತದೆ, ಗೆರೆ ಸೊಟ್ಟಸೊಟ್ಟಗೆ ಊರುಗಳ ನಡುವೆ ಹಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೆಸರೇ ಕೇಳಿರದ ಒಂದು ಸರ್ಕಲ್ಲಿನಲ್ಲಿ ಹಸಿವಾಗುತ್ತದೆ. ಅಲ್ಲಿ ಎದುರುಬದುರು ಎರಡು ಹೋಟೆಲುಗಳಿದ್ದರೆ, ಒಳಗೆ ಹೋಗುವ ಮೊದಲು ಎರಡರ ಗೋಡೆಗಳನ್ನೂ ಒಮ್ಮೆ ಇಣುಕಿ ನೋಡಿ.